ಮಾತಾಡಿ ಟೈಪ್ ಮಾಡೋಕೆ ಯಾವ ಮೈಕ್ ತಗೋಬೇಕು?

ಎರಡೂ ಮಣಿಕಟ್ಟಿನ ನೋವು ಜಾಸ್ತಿಯಾಗಿ ಕೀಬೋರ್ಡ್ ಮುಟ್ಟೋಕೇ ಆಗದೆ ಹೋದಾಗ ನಾನು ಮಾತಾಡಿ ಬರೆಯೋದನ್ನ ಅಭ್ಯಾಸ ಮಾಡ್ಕೊಂಡೆ, ಈಗ ದಿನಕ್ಕೆ ಮೂರು ನಾಲ್ಕು ಗಂಟೆ ಮೈಕ್ ಮುಂದೆ ಮಾತಾಡೋದೇ ನನ್ನ ಕೆಲಸ. ಆದ್ರೆ ಮೊದಲನೇ ತಿಂಗಳು ಅಳು ಬರೋ ಹಾಗಿತ್ತು. ಲ್ಯಾಪ್‌ಟಾಪ್‌ನಲ್ಲೇ ಇರೋ ಮೈಕಿಗೆ "ಹಳೇ ಫೈಲ್ ಕಳಿಸಿ" ಅಂದ್ರೆ "ಹಳೇ ಫೈಲ್ ಕಲಿಸಿ" ಅಂತ ಬೀಳೋದು, ಸಾಲಿನ ಕೊನೇ ಪದ ಅರ್ಧಕ್ಕರ್ಧ ಸಲ ಬೀಳ್ತಾನೇ ಇರಲಿಲ್ಲ, ಅದನ್ನೆಲ್ಲ ಸರಿ ಮಾಡೋಕೆ ತಿರುಗಿ ಕೀಬೋರ್ಡಿಗೇ ಕೈ ಹಾಕಬೇಕು, ಕೈ ತಿರುಗಿ ನೋಯೋದು. ಸಾಫ್ಟ್‌ವೇರ್‌ಗೇ ಕನ್ನಡ ಬರಲ್ಲ ಅಂದ್ಕೊಂಡು ಒಂದಾದ ಮೇಲೆ ಒಂದು ಬದಲಾಯಿಸಿದೆ, ಎಲ್ಲದರಲ್ಲೂ ಅದೇ ಹಾಡು. ಆಮೇಲೊಂದಿನ ಡ್ರಾಯರ್‌ನಲ್ಲಿ ಬಿದ್ದಿದ್ದ ಫೋನಿನ ಹಳೇ ವೈರ್ ಇಯರ್‌ಫೋನ್ ಚುಚ್ಚಿ, ಅದರ ಮೈಕನ್ನ ಬಾಯಿ ಹತ್ರ ಹಿಡ್ಕೊಂಡು ಅದೇ ಸಾಲು ಹೇಳಿದೆ. "ಕಳಿಸಿ" ಸರಿಯಾಗೇ ಬಿತ್ತು. ಸಾಫ್ಟ್‌ವೇರ್ ಅದೇ, ರೂಮ್ ಅದೇ, ಗಂಟಲೂ ಅದೇ, ಬಾಯಿಗೂ ಮೈಕಿಗೂ ಇದ್ದ ದೂರ ಮಾತ್ರ ಬೇರೆ.

ಮೈಕ್ ತಗೊಳ್ಳೋ ಮುಂಚೆ ಈ ದೂರದ ಲೆಕ್ಕ ಒಂದು ತಲೆಗೆ ಹೋದ್ರೆ ಉಳಿದಿದ್ದೆಲ್ಲ ಸುಲಭ, ಅದಕ್ಕೇ ಮೊದಲು ಅದನ್ನೇ ಹೇಳ್ತೀನಿ. ದನಿ ದೂರ ಹೋದಷ್ಟೂ ಸೊರಗುತ್ತೆ. ದೂರ ಎರಡು ಪಟ್ಟಾದ್ರೆ 6 ಡೆಸಿಬೆಲ್ ಕಮ್ಮಿ, ಅರ್ಧ ಆದ್ರೆ 6 ಡೆಸಿಬೆಲ್ ಜಾಸ್ತಿ. ಲ್ಯಾಪ್‌ಟಾಪ್ ಮೈಕ್ ಬಾಯಿಂದ 60 ಸೆಂಟಿಮೀಟರ್ ದೂರ ಇದೆ ಅಂತ ಇಟ್ಕೊಳ್ಳಿ, ಅದೇ ಮೈಕು 30ಕ್ಕೆ ಬಂದ್ರೆ 6 ಡೆಸಿಬೆಲ್ ಸಿಗ್ತು, 15ಕ್ಕೆ ಬಂದ್ರೆ 12, ಏಳೂವರೆಗೆ ಬಂದ್ರೆ 18, ಹೆಡ್‌ಸೆಟ್ ಮೈಕ್ ಥರ ನಾಲ್ಕು ಸೆಂಟಿಮೀಟರ್ ಹತ್ರ ಬಂದ್ಬಿಟ್ರೆ ಹೆಚ್ಚುಕಮ್ಮಿ 24 ಡೆಸಿಬೆಲ್. ಇಷ್ಟೂ ಲಾಭ ನಿಮ್ಮ ದನಿಗೆ ಮಾತ್ರ. ಫ್ಯಾನ್ ಸದ್ದು, ಹೊರಗಿನ ಗಾಡಿ ಸದ್ದು, ಪಕ್ಕದ ರೂಮಿನ ಟೀವಿ, ಇವೆಲ್ಲ ಮೈಕಿಗೆ ಮೊದಲೂ ದೂರ, ಈಗಲೂ ದೂರ, ಅವು ಇದ್ದಷ್ಟೇ ಇರ್ತವೆ. ಗೋಡೆಗೆ ಬಡಿದು ವಾಪಸ್ ಬರೋ ಗುಂಯ್ ಅನ್ನೋ ನಿಮ್ಮದೇ ದನಿನೂ ಅಷ್ಟೇ, ಹತ್ರ ಇದ್ರೆ ನೇರವಾಗಿ ಬಂದ ಮಾತಿನ ಮುಂದೆ ಅದು ಮುಚ್ಚಿಹೋಗುತ್ತೆ. ಎಷ್ಟೋ ಜನ ದೂರದ ಮೈಕನ್ನೇ ಇಟ್ಕೊಂಡು ಸೆಟ್ಟಿಂಗ್ಸಲ್ಲಿ ವಾಲ್ಯೂಮ್ ಏರಿಸ್ತಾರೆ, ಅದರಿಂದ ಉಪಯೋಗ ಇಲ್ಲ, ಮಾತಿನ ಜೊತೆ ಫ್ಯಾನೂ ಏರುತ್ತೆ ಅಷ್ಟೇ.

ಇನ್ನೊಂದು ವಿಷಯ, ಮೈಕ್ ಡಬ್ಬದ ಮೇಲೆ 24 ಬಿಟ್, 96 ಕಿಲೋಹರ್ಟ್ಸ್, ಸ್ಟುಡಿಯೋ ಕ್ವಾಲಿಟಿ ಅಂತೆಲ್ಲ ದೊಡ್ಡದಾಗಿ ಬರೆದಿರ್ತಾರಲ್ಲ, ನಮ್ಮ ಕೆಲಸಕ್ಕೆ ಅದನ್ನ ಓದೋದೇ ಬೇಡ. ಮಾತು ಗುರುತಿಸೋ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ನೋಡೋದು 16 ಕಿಲೋಹರ್ಟ್ಸ್ (ಅಂದ್ರೆ ದನಿನ ಸೆಕೆಂಡಿಗೆ 16 ಸಾವಿರ ಸಲ ಅಳೆಯೋದು), ಒಂದೇ ಚಾನೆಲ್. ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಅನ್ನೇ ತಗೊಳ್ಳಿ, ನೀವು ಎಂಥಾ ಫೈಲ್ ಕೊಟ್ರೂ ಅದನ್ನ 16 ಕಿಲೋಹರ್ಟ್ಸ್‌ಗೆ ಇಳಿಸಿ, 30 ಸೆಕೆಂಡಿನ ತುಂಡು ಮಾಡ್ಕೊಂಡೇ ಅದು ಕೆಲಸ ಶುರು ಮಾಡೋದು. 16 ಕಿಲೋಹರ್ಟ್ಸ್‌ನಲ್ಲಿ ಅಳೆದ್ರೆ ಹಿಡಿಸೋದು ಅದರ ಅರ್ಧ, ಅಂದ್ರೆ 8 ಕಿಲೋಹರ್ಟ್ಸ್ ತನಕದ ಸದ್ದು, ಅದಕ್ಕಿಂತ ಮೇಲಿಂದು ಮೈಕ್ ಎಷ್ಟು ಚೆನ್ನಾಗಿ ಹಿಡಿದ್ರೂ ಕಸದಬುಟ್ಟಿಗೇ ಹೋಗುತ್ತೆ. ಹಾಡು ರೆಕಾರ್ಡ್ ಮಾಡೋರು "ಬೆಚ್ಚಗಿನ ದನಿ", "ಮಿನುಗು" ಅಂತ ಹೊಗಳೋ ಗುಣಗಳಿಗೆ ಇಲ್ಲಿ ಕೆಲಸ ಇಲ್ಲ.

ಆದ್ರೆ 8 ಕಿಲೋಹರ್ಟ್ಸ್ ತನಕದ್ದು ಮಾತ್ರ ಪೂರ್ತಿ ಬೇಕೇ ಬೇಕು, ಅಲ್ಲಿ ರಾಜಿ ಮಾಡ್ಕೋಬೇಡಿ. "ಸ" ಅಂದು ನೋಡಿ, ಹಲ್ಲಿನ ಸಂದಿಂದ ಬರೋ ಆ ಸುಸ್ ಅನ್ನೋ ಗಾಳಿಯ ಬಹುಪಾಲು 4 ಕಿಲೋಹರ್ಟ್ಸ್‌ಗಿಂತ ಮೇಲೇ ಇರೋದು, "ಶ" ಅದಕ್ಕಿಂತ ಸ್ವಲ್ಪ ಕೆಳಗೆ. ಹಳೇ ಟೆಲಿಫೋನ್ ಲೈನ್ 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸೋದು, ಅದಕ್ಕೇ ಫೋನಲ್ಲಿ ಯಾರದ್ದಾದ್ರೂ ಹೊಸ ಹೆಸರು ಹೇಳೋವಾಗ ಅಕ್ಷರ ಬಿಡಿಸಿ ಬಿಡಿಸಿ ಹೇಳಬೇಕಾಗೋದು. ಗೊತ್ತಿರೋ ಪದ ಆದ್ರೆ ನಮ್ಮ ತಲೆ ಅಂದಾಜಲ್ಲೇ ತುಂಬ್ಕೊಳ್ಳುತ್ತೆ, ಗೊತ್ತಿಲ್ಲದ್ದಾದ್ರೆ ತಡವರಿಸ್ತೀವಿ, ಸಾಫ್ಟ್‌ವೇರಿಂದೂ ಅದೇ ಪಾಡು. ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ, "ಕ"ಗೂ "ಖ"ಗೂ, "ದ"ಗೂ "ಧ"ಗೂ ಇರೋ ವ್ಯತ್ಯಾಸ ಹಿಂದೆ ಬರೋ ಒಂಚೂರು ಉಸಿರು ಅಷ್ಟೇ, ಆ ಉಸಿರು ಫ್ಯಾನ್ ಸದ್ದಿನ ಕೆಳಗೆ ಮುಳುಗಿಹೋಯ್ತು ಅಂದ್ರೆ ಯಂತ್ರ ಸುತ್ತಲಿನ ಪದ ನೋಡಿ ಊಹೆ ಮಾಡಬೇಕು. ನಾವು ದಿನಬಳಕೆ ಮಾತಲ್ಲಿ ಮಹಾಪ್ರಾಣ ತುಂಬಾ ಒತ್ತಿ ಹೇಳೋದೂ ಇಲ್ಲ ಬಿಡಿ, ಇರೋ ಅಷ್ಟನ್ನಾದ್ರೂ ಮೈಕ್ ಕಳ್ಕೊಳ್ಳದೆ ಇದ್ರೆ ಸಾಕು.

ಇನ್ನು ಒಂದೊಂದಾಗಿ ನೋಡೋಣ. ಬಾಯಿ ಮುಂದೆ ಕಡ್ಡಿ ಬರೋ ವೈರ್ ಹೆಡ್‌ಸೆಟ್, ಇದು ನನ್ನ ಮೊದಲ ಆಯ್ಕೆ, ಬೇರೆ ಏನೂ ಓದೋಕೆ ಪುರುಸೊತ್ತಿಲ್ಲ ಅನ್ನೋರು ಕಣ್ಮುಚ್ಚಿಕೊಂಡು ಇದನ್ನೇ ತಗೊಳ್ಳಿ. ಕಾರಣ ಏನಂದ್ರೆ ಮೈಕ್ ಬಾಯಿಗೆ ಹತ್ರ ಇರೋದಷ್ಟೇ ಅಲ್ಲದೆ ಆ ದೂರ ಬದಲಾಗೋದೂ ಇಲ್ಲ. ನೀವು ಕುರ್ಚಿಗೆ ಒರಗಿದ್ರೂ, ಪಕ್ಕದಲ್ಲಿರೋ ಪುಸ್ತಕ ನೋಡ್ಕೊಂಡು ಹೇಳಿದ್ರೂ, ಎದ್ದು ನಿಂತ್ರೂ, ಮೈಕ್ ತಲೆ ಜೊತೇಲೇ ಬರುತ್ತೆ. ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಅನ್ನೋ ಮಾತು ಗುರುತಿಸೋ ಸಾಫ್ಟ್‌ವೇರ್ 1997ರಲ್ಲಿ ಬಂದ ಕಾಲದಿಂದಲೂ ಡಿಕ್ಟೇಶನ್ (ಮಾತಾಡಿ ಬರೆಯೋದು) ಮಾಡೋರು ಹೆಡ್‌ಸೆಟ್ ಕಡೆಗೇ ವಾಲಿರೋದು ಇದಕ್ಕೇ, ಆ ಸಾಫ್ಟ್‌ವೇರ್ ಡಬ್ಬದ ಜೊತೆಗೇ ಎಷ್ಟೋ ಸಲ ಹೆಡ್‌ಸೆಟ್ ಮೈಕ್ ಇಟ್ಟು ಮಾರ್ತಿದ್ರು. ನೋಡೋಕೆ ಸಾಧಾರಣವಾಗಿರೋ ಹೆಡ್‌ಸೆಟ್ಟು ದುಬಾರಿ ಟೇಬಲ್ ಮೈಕನ್ನ ಈ ಕೆಲಸದಲ್ಲಿ ಸೋಲಿಸೋದನ್ನ ನಾನೇ ಎಷ್ಟೋ ಸಲ ನೋಡಿದೀನಿ.

ಆದ್ರೆ ಹಾಕ್ಕೊಳ್ಳೋ ರೀತಿ ಇದೆ. ಸುಮಾರು ಜನ ಕಡ್ಡಿನ ಬಾಯಿಗೆ ನೇರ ಎದುರಿಗೆ ತಂದು ಇಟ್ಕೊತಾರೆ, ಆಗ "ಪ", "ಬ", "ಫ" ಬಂದಾಗೆಲ್ಲ ಉಸಿರು ಹೋಗಿ ಮೈಕಿಗೆ ಬಡಿದು ಧಪ್ ಅನ್ನುತ್ತೆ, ಮೂಗಿನ ಉಸಿರೂ ಸೇರುತ್ತೆ, ಸಾಫ್ಟ್‌ವೇರ್ ಆ ಉಸಿರನ್ನೇ ಪದ ಅಂದ್ಕೊಂಡು "ಹ" ಅಂತಲೋ "ಆ" ಅಂತಲೋ ಸೇರಿಸ್ಬಿಡುತ್ತೆ. ತುಟಿಯ ಮೂಲೆಯಿಂದ ಎರಡು ಬೆರಳಗಲ ಪಕ್ಕಕ್ಕೆ, ಸ್ವಲ್ಪ ಕೆಳಗೆ, ಅಲ್ಲಿರಬೇಕು ಮೈಕು. ಅಂಗೈನ ಬಾಯಿ ಮುಂದೆ ಹಿಡಿದು "ಪಪ್ಪಾಯ" ಅಂದು ನೋಡಿ, ಗಾಳಿ ಎಲ್ಲಿ ತಾಗುತ್ತೆ ಅಂತ ಗೊತ್ತಾಗುತ್ತೆ, ಅಂಗೈನ ಮೆಲ್ಲಗೆ ಪಕ್ಕಕ್ಕೆ ಸರಿಸ್ತಾ ಹೋಗಿ, ಗಾಳಿ ತಾಗೋದು ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಕಡ್ಡಿ ತನ್ನಿ. ಸ್ಪಂಜಿನ ಟೋಪಿ ಕೊಟ್ಟಿದ್ರೆ ತೆಗೀಬೇಡಿ. ಇನ್ನೊಂದು, ಕಡ್ಡಿ ತುದಿಲಿ ಮೈಕಿನ ತೂತು ಒಂದು ಕಡೆಗೆ ಮಾತ್ರ ಇರೋ ಹೆಡ್‌ಸೆಟ್ಟುಗಳೂ ಇದಾವೆ, ತೂತು ಕೆನ್ನೆ ಕಡೆಗೆ ತಿರುಗಿಬಿಟ್ಟಿದ್ರೆ ಮಾತು ಮಂಕಾಗುತ್ತೆ, ಅದು ಬಾಯಿ ಕಡೆ ಇದ್ಯಾ ಅಂತ ಬೆರಳಲ್ಲಿ ಮುಟ್ಟಿ ನೋಡ್ಕೊಳ್ಳಿ.

ಹೆಡ್‌ಸೆಟ್ ತಗೊಳ್ಳೋವಾಗ "ನಾಯ್ಸ್ ಕ್ಯಾನ್ಸಲಿಂಗ್" ಅನ್ನೋ ಪದಕ್ಕೆ ಮೋಸ ಹೋಗಬೇಡಿ. ಈ ಪದ ಎರಡು ಬೇರೆ ಬೇರೆ ವಿಷಯಕ್ಕೆ ಬಳಸ್ತಾರೆ. ಒಂದು ನಿಮ್ಮ ಕಿವಿಗೆ ಹೊರಗಿನ ಸದ್ದು ಕೇಳಿಸದ ಹಾಗೆ ಮಾಡೋದು, ಅದರಿಂದ ಮೈಕಿಗೆ ಕೂದಲೆಳೆಯಷ್ಟೂ ಲಾಭ ಇಲ್ಲ. ಇನ್ನೊಂದು ಮೈಕೇ ದೂರದ ಸದ್ದನ್ನ ಕಮ್ಮಿ ಹಿಡಿಯೋದು, ಮೈಕಿನ ಮುಂದೆ ಹಿಂದೆ ಎರಡೂ ಕಡೆ ತೂತು ಇಟ್ಟಿರ್ತಾರೆ, ದೂರದಿಂದ ಬರೋ ಸದ್ದು ಎರಡೂ ಕಡೆ ಒಂದೇ ಸಮ ಒತ್ತೋದ್ರಿಂದ ಅದು ಬಹುಪಾಲು ಅಳಿಸಿಹೋಗುತ್ತೆ, ಹತ್ರದ ಬಾಯಿ ಮಾತು ಒಂದು ಕಡೆಗೆ ಜೋರಾಗಿ ಬೀಳೋದ್ರಿಂದ ಉಳ್ಕೊಳ್ಳುತ್ತೆ. ನಮಗೆ ಬೇಕಿರೋದು ಇದು. ತುಂಬಾ ಜನ ಮಾತಾಡೋ ಆಫೀಸಲ್ಲಿ ಕೂತು ಡಿಕ್ಟೇಶನ್ ಮಾಡೋರಿಗೆ ಇದು ಇರಲೇಬೇಕು. ಆದ್ರೆ ಇಂಥ ಮೈಕ್ ಸ್ವಲ್ಪ ದೂರ ಸರಿದ್ರೂ ನಿಮ್ಮ ಮಾತನ್ನೂ ದೂರದ ಸದ್ದು ಅಂತಲೇ ನುಂಗಿಬಿಡುತ್ತೆ, ಹಾಗಾಗಿ ಬಾಯಿ ಮೂಲೆ ಬಿಟ್ಟು ಕದಲಿಸೋ ಹಾಗಿಲ್ಲ. ಮನೇಲಿ ಒಬ್ಬರೇ ಕೂತು ಮಾತಾಡೋರಿಗೆ ಎಲ್ಲಾ ದಿಕ್ಕಿಂದಲೂ ಹಿಡಿಯೋ ಮಾಮೂಲಿ ಮೈಕ್ ಇದ್ರೂ ನಡೆಯುತ್ತೆ, ಅದರಲ್ಲಿ ಉಸಿರಿನ ಧಪ್ ಸದ್ದೂ ಕಮ್ಮಿ.

ಯುಎಸ್‌ಬಿ ಹೆಡ್‌ಸೆಟ್ಟಾ, 3.5 ಮಿಲಿಮೀಟರ್ ಪಿನ್ನಿಂದಾ? ಯುಎಸ್‌ಬಿ. ದನಿನ ಅಂಕಿಗೆ ಬದಲಾಯಿಸೋ ಚಿಪ್ ಯುಎಸ್‌ಬಿ ಹೆಡ್‌ಸೆಟ್ಟಿನ ಜೊತೆಗೇ ಬರುತ್ತೆ, ಕಂಪ್ಯೂಟರ್ ಒಳಗಿನ ಗಜಿಬಿಜಿ ಕರೆಂಟಿನ ಹತ್ರ ಅದಕ್ಕೆ ಸಂಬಂಧ ಕಮ್ಮಿ. ಪಿನ್ನಿನ ಮೈಕು ಕಂಪ್ಯೂಟರಿನ ಸೌಂಡ್ ಕಾರ್ಡನ್ನೇ ನಂಬಿರುತ್ತೆ, ಕೆಲವು ಕಂಪ್ಯೂಟರಲ್ಲಿ ಚೆನ್ನಾಗೇ ಇರುತ್ತೆ, ಕೆಲವದರಲ್ಲಿ ಸದಾ ಸುಯ್ ಅಂತಿರುತ್ತೆ, ಮೌಸ್ ಆಡಿಸಿದ್ರೆ ಕಿರ್ ಅನ್ನೋದೂ ಉಂಟು. ಪಿನ್ನಲ್ಲಿ ಇನ್ನೊಂದು ಗೊಂದಲ, ಮೈಕ್ ಮತ್ತು ಸ್ಪೀಕರ್ ಎರಡೂ ಒಂದೇ ಪಿನ್ನಲ್ಲಿ ಬರೋದಕ್ಕೆ ಮೂರು ಕಪ್ಪು ಗೆರೆ ಇರುತ್ತೆ, ಬರೀ ಹೆಡ್‌ಫೋನ್ ಪಿನ್ನಿಗೆ ಎರಡು ಗೆರೆ. ಮೂರು ಗೆರೆ ಪಿನ್ನನ್ನ ತಗೊಂಡು ಹೋಗಿ ಡೆಸ್ಕ್‌ಟಾಪಿನ ಗುಲಾಬಿ ಬಣ್ಣದ ಮೈಕ್ ತೂತಿಗೆ ಹಾಕಿದ್ರೆ ಮೈಕ್ ಕೆಲಸ ಮಾಡಲ್ಲ, ಎರಡಾಗಿ ಒಡೆಯೋ ಚಿಕ್ಕ ವೈರ್ ಬೇಕು. ಈಗಾಗಲೇ ಪಿನ್ನಿನ ಒಳ್ಳೇ ಹೆಡ್‌ಸೆಟ್ ಇದೆ, ಆದ್ರೆ ಸುಯ್ ಸದ್ದು ಬರ್ತಿದೆ ಅಂದ್ರೆ ಹೆಡ್‌ಸೆಟ್ ಬಿಸಾಕಬೇಡಿ, ಹೆಬ್ಬೆರಳಷ್ಟು ದೊಡ್ಡ ಯುಎಸ್‌ಬಿ ಸೌಂಡ್ ಅಡಾಪ್ಟರ್ ಸಿಗುತ್ತೆ, ಅದನ್ನ ಮಧ್ಯೆ ಹಾಕಿ ನೋಡಿ.

ಬ್ಲೂಟೂತ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು, ಯಾಕಂದ್ರೆ ಹೆಚ್ಚು ಜನ ಎಡವೋದೇ ಇಲ್ಲಿ. ಇಯರ್‌ಬಡ್ಸಲ್ಲಿ ಹಾಡು ಅಷ್ಟು ಚೆನ್ನಾಗಿ ಕೇಳುತ್ತಲ್ಲ, ಮೈಕೂ ಹಾಗೇ ಇರುತ್ತೆ ಅಂತ ಎಲ್ಲರೂ ಅಂದ್ಕೊತಾರೆ. ಹಾಡು ಬರೋ ದಾರಿ ಬೇರೆ, ಮಾತು ಹೋಗೋ ದಾರಿ ಬೇರೆ. ಹಾಡಿನ ದಾರಿಲಿ ಮೈಕ್ ಇಲ್ಲವೇ ಇಲ್ಲ, ಮೈಕ್ ಆನ್ ಮಾಡಿದ ತಕ್ಷಣ ಸಾಧನ ಹಾಡಿನ ದಾರಿ ಬಿಟ್ಟು ಫೋನ್ ಕರೆಯ ದಾರಿಗೆ ಬರುತ್ತೆ, ನೀವು ಹಾಡು ಹಾಕ್ಕೊಂಡು ಮೈಕ್ ಆನ್ ಮಾಡಿ ನೋಡಿ, ಹಾಡು ಇದ್ದಕ್ಕಿದ್ದಂಗೆ ಡಬ್ಬದೊಳಗಿಂದ ಬಂದ ಹಾಗೆ ಆಗುತ್ತೆ, ಅದೇ ಗುರುತು. ಆ ಕರೆಯ ದಾರಿಲಿ ಹಳೇ ಪದ್ಧತಿ 8 ಕಿಲೋಹರ್ಟ್ಸ್‌ದು, ಅಂದ್ರೆ 4 ಕಿಲೋಹರ್ಟ್ಸ್ ಮೇಲಿನ ಸದ್ದೆಲ್ಲ ಕಟ್, ನಾನು ಆಗ ಹೇಳಿದ "ಸ" ಅರ್ಧ ಅಲ್ಲೇ ಹೋಯ್ತು. 2011ರಲ್ಲಿ ಎಂಎಸ್‌ಬಿಸಿ ಅನ್ನೋ ಕೋಡೆಕ್ (ದನಿನ ಕುಗ್ಗಿಸಿ ಕಳಿಸೋ ವಿಧಾನ) ಸೇರಿಸಿ 16 ಕಿಲೋಹರ್ಟ್ಸ್ ಮಾಡಿದ್ರು, ಆದ್ರೆ ಹೆಡ್‌ಸೆಟ್ಟು, ಕಂಪ್ಯೂಟರ್ ಎರಡಕ್ಕೂ ಅದು ಬರಬೇಕು, ಒಂದಕ್ಕೆ ಬರಲಿಲ್ಲ ಅಂದ್ರೆ ಸದ್ದಿಲ್ಲದೆ 8ಕ್ಕೆ ಇಳಿದುಬಿಡುತ್ತೆ, ಪರದೆ ಮೇಲೆ ಯಾರೂ ನಿಮಗೆ ಹೇಳಲ್ಲ. 2020ರಲ್ಲಿ ಪ್ರಕಟಿಸಿದ ಬ್ಲೂಟೂತಿನ ಹೊಸ ಪದ್ಧತಿ ಎಲ್‌ಇ ಆಡಿಯೋ ಮತ್ತು ಅದರ ಎಲ್‌ಸಿ3 ಕೋಡೆಕ್ ಈ ರೋಗಕ್ಕೆ ಒಳ್ಳೇ ಮದ್ದು, ಅದಕ್ಕೂ ಎರಡೂ ಕಡೆ ಹೊಸ ಸಾಮಾನು ಬೇಕು.

ಇದರ ಮೇಲೆ ಇಯರ್‌ಬಡ್ಸಿನ ಮೈಕ್ ಇರೋದು ಕಿವಿಲಿ, ಬಾಯಿ ಹತ್ರ ಅಲ್ಲ. ಆ ದೂರ ತುಂಬಿಸೋಕೆ ಒಳಗಿನ ಚಿಪ್ ಸದ್ದು ಸೋಸುತ್ತೆ, ಮಾತಿನ ಅಂಚೆಲ್ಲ ಕತ್ತರಿಸಿ ನುಣ್ಣಗೆ ಮಾಡುತ್ತೆ, ಫೋನಲ್ಲಿ ಆ ಕಡೆ ಇರೋರಿಗೆ ಅದು ಹಿತವಾಗೇ ಕೇಳುತ್ತೆ, ಯಂತ್ರಕ್ಕೆ ಬೇಕಾದ ವ್ಯಂಜನದ ಚೂಪು ಮಾತ್ರ ಹೋಗಿರುತ್ತೆ. ಒಂದೊಂದು ಸಲ ಮಾತು ಶುರು ಮಾಡಿದ ಮೊದಲನೇ ಅಕ್ಷರವೇ ಹಾರಿಹೋಗುತ್ತೆ, "ಅವರಿಗೆ ತಿಳಿಸಿ" ಅಂದ್ರೆ "ವರಿಗೆ ತಿಳಿಸಿ". ನಡೆದಾಡ್ಕೊಂಡು ಎರಡು ಸಾಲಿನ ಮೆಸೇಜ್ ಹೇಳೋಕೆ ಇಯರ್‌ಬಡ್ಸ್ ಸಾಕು, ನಾನೂ ಹೇಳ್ತೀನಿ. ಹತ್ತು ಪುಟ ಬರೆಯೋಕೆ ಕೂತಿದೀರಾ ಅಂದ್ರೆ ಬೇಡ. ವೈರ್ ಇರಲೇಬಾರದು ಅನ್ನೋರು ತನ್ನದೇ ಯುಎಸ್‌ಬಿ ತುಂಡು ಜೊತೆ ಬರೋ, ಬಾಯಿ ತನಕ ಕಡ್ಡಿ ಇರೋ ವೈರ್‌ಲೆಸ್ ಹೆಡ್‌ಸೆಟ್ ನೋಡಿ, ಆ ತುಂಡೂ ಹೆಡ್‌ಸೆಟ್ಟೂ ಒಬ್ಬರೇ ಮಾಡಿದ್ದಾದ್ರಿಂದ ಕೋಡೆಕ್ ಜಗಳ ಕಮ್ಮಿ. ದಿನಾ ಚಾರ್ಜ್ ಹಾಕೋದು ಮರೀಬಾರದು ಅಷ್ಟೇ.

ಟೇಬಲ್ ಮೇಲೆ ಇಡೋ ಯುಎಸ್‌ಬಿ ಕಂಡೆನ್ಸರ್ ಮೈಕು (ಸಣ್ಣ ಸದ್ದನ್ನೂ ಹಿಡಿಯೋ ಸೂಕ್ಷ್ಮ ಮೈಕು), ನೋಡೋಕೆ ಚೆಂದ, ಪಾಡ್‌ಕ್ಯಾಸ್ಟ್ ಮಾಡೋರ ವಿಡಿಯೋದಲ್ಲೆಲ್ಲ ಕಾಣುತ್ತೆ, ಹಾಗಾಗಿ ಹೆಚ್ಚು ಜನ ಮೊದಲು ಇದನ್ನೇ ತಗೊಳ್ಳೋದು. ಮೈಕಾಗಿ ಅದು ಒಳ್ಳೇದೇ. ತೊಂದರೆ ಬರೋದು ನಾವು ಇಡೋ ಜಾಗದಿಂದ. ಮಾನಿಟರ್ ಪಕ್ಕ, ಬಾಯಿಂದ ಒಂದು ಮೊಳ ದೂರ ಇಟ್ಟು ಮಾತಾಡಿದ್ರೆ ಕೀಬೋರ್ಡ್ ಟಕಟಕ, ಟೇಬಲ್ ಮೇಲೆ ಲೋಟ ಇಟ್ಟ ಸದ್ದು, ರೂಮಿನ ಗುಂಯ್, ಎಲ್ಲಾನೂ ಅದು ಅಚ್ಚುಕಟ್ಟಾಗಿ ಹಿಡಿದು ಕೊಡುತ್ತೆ. ಇದನ್ನ ತಗೊಂಡ್ರೆ ಒಂದು ಗೇಣಿಗಿಂತ ಹತ್ರ ತರೋ ತೋಳು ಸ್ಟ್ಯಾಂಡನ್ನೂ ತಗೊಳ್ಳಿ, ಟೇಬಲಿನ ಕುಟ್ಟಾಟ ಆಗ ಮೈಕಿಗೆ ಹತ್ತಲ್ಲ, ಮತ್ತೆ ಬಾಯಿ ಎದುರು ಬರೋದ್ರಿಂದ ಉಸಿರಿನ ಧಪ್ ತಡೆಯೋ ಜಾಲರಿ, ಪಾಪ್ ಫಿಲ್ಟರ್ ಕೂಡ ಬೇಕು. ದಿಕ್ಕು ಬದಲಾಯಿಸೋ ಗುಂಡಿ ಇದ್ರೆ ಕಾರ್ಡಿಯಾಯ್ಡ್ ಅನ್ನೋ ಹೃದಯದ ಚಿತ್ರಕ್ಕೆ ಇಡಿ, ಅದರಲ್ಲಿ ಮುಂದಿನ ಸದ್ದು ಪೂರ್ತಿ ಬರುತ್ತೆ, ಹಿಂದಿನದ್ದು ಬಹಳ ಕಮ್ಮಿ, ಹಾಗಾಗಿ ಗಲಾಟೆ ಮಾಡೋ ವಸ್ತು ಮೈಕಿನ ಬೆನ್ನಿಗೆ ಬರೋ ಹಾಗೆ ತಿರುಗಿಸಿ ಇಡಬಹುದು.

ಇಲ್ಲೊಂದು ತಪ್ಪು ಬಹಳ ಜನ ಮಾಡ್ತಾರೆ. ಬ್ಲೂ ಯೇಟಿ ಥರದ ಮೈಕಿಗೆ ಪಕ್ಕದಿಂದ ಮಾತಾಡಬೇಕು, ಅದರ ಕಿವಿ ಇರೋದು ಹೆಸರು ಬರೆದಿರೋ ಮುಖದ ಕಡೆ. ನಮ್ಮ ಕಣ್ಣಿಗೆ ಮೈಕ್ ಅಂದ್ರೆ ಹಾಡುಗಾರರು ಕೈಲಿ ಹಿಡಿಯೋ ಮೈಕೇ ಬರೋದ್ರಿಂದ ಅದನ್ನ ಬಾಯಿ ಕಡೆಗೆ ಮಲಗಿಸಿ ತುದಿಗೆ ಮಾತಾಡ್ತಾರೆ, ದನಿ ದೂರದಿಂದ ಬಂದ ಹಾಗೆ ಮಂಕಾಗುತ್ತೆ, ಮೈಕ್ ಕೆಟ್ಟಿದೆ ಅಂತ ವಾಪಸ್ ಕೊಡ್ತಾರೆ. ನನ್ನ ಸ್ನೇಹಿತೆಯೊಬ್ಬಳು ವಾಪಸ್ ಕಳಿಸೋಕೆ ಪ್ಯಾಕ್ ಮಾಡಿಟ್ಟಿದ್ದ ಮೈಕನ್ನ ನಾನು ಬಿಚ್ಚಿಸಿ ನೆಟ್ಟಗೆ ನಿಲ್ಲಿಸಿ ಮಾತಾಡಿಸಿದೆ, ಇವತ್ತಿಗೂ ಅವಳು ಅದರಲ್ಲೇ ಅನುವಾದ ಮಾಡ್ತಾಳೆ.

ಸ್ಟುಡಿಯೋದಲ್ಲಿ ಬಳಸೋ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕು, ಅದನ್ನ ಕಂಪ್ಯೂಟರಿಗೆ ಜೋಡಿಸೋಕೊಂದು ಆಡಿಯೋ ಇಂಟರ್‌ಫೇಸ್ ಡಬ್ಬ, ಈ ದಾರಿ ಬರೀ ಡಿಕ್ಟೇಶನ್ನಿಗೆ ಅಂತಾದ್ರೆ ನಾನು ಬೇಡ ಅಂತೀನಿ. ಮನೇಲಿ ಆಗಲೇ ಇದ್ರೆ ಖಂಡಿತ ಬಳಸಿ. ಶ್ಯೂರ್ ಎಸ್‌ಎಂ58 1966ರಿಂದ ವೇದಿಕೆ ಮೇಲಿರೋ ಮೈಕು, ಅಂಥ ಡೈನಮಿಕ್ ಮೈಕ್ (ಕಂಡೆನ್ಸರ್‌ನಷ್ಟು ಸೂಕ್ಷ್ಮ ಅಲ್ಲದ್ದು) ಬಾಯಿಗೆ ಹತ್ರ ಹಿಡಿದ್ರೆ ಸುತ್ತಲಿನ ಸದ್ದನ್ನ ಅಷ್ಟಾಗಿ ತರಲ್ಲ, ಗದ್ದಲದ ರೂಮಿಗೆ ಕಂಡೆನ್ಸರ್‌ಗಿಂತ ವಾಸಿ. ಆದ್ರೆ ಅದರ ಸಿಗ್ನಲ್ ಬಡಕಲು, ಶ್ಯೂರ್‌ದೇ ಇನ್ನೊಂದು ಮೈಕ್ ಎಸ್‌ಎಂ7ಬಿ ಅಂಥದ್ದಕ್ಕೆ 60 ಡೆಸಿಬೆಲ್ ಹತ್ರ ಗೇನ್, ಅಂದ್ರೆ ಸಿಗ್ನಲ್ ಏರಿಸೋದು ಬೇಕು, ಚಿಕ್ಕ ಇಂಟರ್‌ಫೇಸು ಅಷ್ಟು ಏರಿಸಿದ್ರೆ ತಾನೇ ಸುಯ್ ಅನ್ನೋಕೆ ಶುರು ಮಾಡುತ್ತೆ. ಕಂಡೆನ್ಸರ್ ಎಕ್ಸ್‌ಎಲ್‌ಆರ್ ಆದ್ರೆ ಮೈಕಿಗೆ ಕರೆಂಟ್ ಕೊಡೋ ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತೋದು ಮರೆತ್ರೆ ಸದ್ದೇ ಬರಲ್ಲ. ದಿಕ್ಕಿರೋ ಮೈಕುಗಳಿಗೆ ತೀರಾ ಹತ್ರ ಹೋದ್ರೆ ದನಿ ದಪ್ಪ ಆಗೋ ಗುಣವೂ ಇದೆ, ರೇಡಿಯೋದೋರಿಗೆ ಅದು ಇಷ್ಟ, ನಮಗೆ ಅದರಿಂದ ಮಾತು ಮಸುಕಾಗೋದೇ ಹೆಚ್ಚು, ದಪ್ಪ ಸದ್ದು ಕತ್ತರಿಸೋ ಲೋ ಕಟ್ ಗುಂಡಿ ಇದ್ರೆ ಒತ್ತಿಬಿಡಿ.

ಕಾಲರ್ ಮೈಕು ಪಾಠ ಮಾಡೋರಿಗೆ, ನಿಂತು ಮಾತಾಡೋರಿಗೆ ಚೆನ್ನಾಗಿದೆ, ಗಲ್ಲದ ಕೆಳಗೆ ಒಂದು ಗೇಣಲ್ಲಿ ಸಿಕ್ಕಿಸಬೇಕು, ಬಟ್ಟೆ ಉಜ್ಜಿದ್ರೆ ಕರಕರ ಸದ್ದು ಬರುತ್ತೆ, ಕತ್ತು ತಿರುಗಿಸಿದಾಗ ದನಿ ಏರಿಳಿಯುತ್ತೆ. ತಲೆ ಮೇಲೆ, ಕಿವಿ ಮೇಲೆ ಏನೂ ಇಟ್ಕೊಳ್ಳೋಕೆ ಆಗಲ್ಲ ಅನ್ನೋರಿಗೆ ನಾನು ಹೇಳೋ ಎರಡನೇ ಆಯ್ಕೆ ಇದು. ಕೈಲಿ ಹಿಡಿಯೋ ಡಿಕ್ಟೇಶನ್ ಮೈಕುಗಳು, ಫಿಲಿಪ್ಸ್ ಸ್ಪೀಚ್‌ಮೈಕ್, ನ್ಯೂಆನ್ಸ್ ಪವರ್‌ಮೈಕ್ ಥರದ್ದು, ಡಾಕ್ಟರುಗಳು ರಿಪೋರ್ಟ್ ಹೇಳೋಕೆ ಬಳಸ್ತಾರೆ, ಹೆಬ್ಬೆರಳಿಗೆ ಸಿಗೋ ಹಾಗೆ ರೆಕಾರ್ಡ್ ಗುಂಡಿ ಇರುತ್ತೆ, ಹೇಳೋವಾಗ ಆನ್, ಯೋಚಿಸೋವಾಗ ಆಫ್. ತುಂಬಾ ಒಳ್ಳೇ ಸಾಧನ, ಕೈ ನೋವಿಂದಲೇ ಡಿಕ್ಟೇಶನ್‌ಗೆ ಬಂದೋರಿಗೆ ಮಾತ್ರ ಬೇಡ, ದಿನವಿಡೀ ಹಿಡಿದ್ರೆ ಅದೇ ಇನ್ನೊಂದು ನೋವು.

ಫೋನನ್ನ ಮರೀಬೇಡಿ. ಕನ್ನಡದ ವಾಯ್ಸ್ ಟೈಪಿಂಗ್ ಗೂಗಲ್ 2017ರಲ್ಲೇ ಕೊಟ್ಟಿದೆ, ಫೋನನ್ನ ಬಾಯಿಂದ ಒಂದು ಗೇಣು ಹತ್ರ ಹಿಡಿದು ಕೆಳಗಿನ ಅಂಚಿಗೆ ಮಾತಾಡಿದ್ರೆ ಲ್ಯಾಪ್‌ಟಾಪ್ ಮೈಕಿಗಿಂತ ಎಷ್ಟೋ ವಾಸಿ, ಹೊಸದೇನೂ ಕೊಳ್ಳೋ ಮುಂಚೆ ಒಂದು ವಾರ ಅದರಲ್ಲೇ ಅಭ್ಯಾಸ ಮಾಡಿ. ಲ್ಯಾಪ್‌ಟಾಪಿನ ಒಳಗಿನ ಮೈಕುಗಳೂ ಮೊದಲಿನಷ್ಟು ಕೆಟ್ಟದಾಗಿಲ್ಲ, ಎರಡು ಮೂರು ಮೈಕ್ ಸೇರಿಸಿ ಮುಂದೆ ಕೂತವರ ಕಡೆಗೆ ಗಮನ ಕೊಡೋ ಹಾಗೆ ಮಾಡಿರ್ತಾರೆ, ಪರದೆ, ಬಟ್ಟೆ, ಪುಸ್ತಕ ತುಂಬಿರೋ ಸದ್ದಿಲ್ಲದ ರೂಮಲ್ಲಿ ನಡೆಯುತ್ತೆ. ಖಾಲಿ ರೂಮು, ಟೈಲ್ಸ್ ನೆಲ ಆದ್ರೆ ಆಗಲ್ಲ. ಒಂದು ಚಪ್ಪಾಳೆ ತಟ್ಟಿ ನೋಡಿ, ತಟ್ಟಿದ ಮೇಲೂ ಸದ್ದು ಜಿಣ್ ಅಂತ ಉಳಿದ್ರೆ ನಿಮ್ಮ ರೂಮಿಗೆ ದೂರದ ಮೈಕ್ ಯಾವುದೂ ಹೊಂದಲ್ಲ, ಹೆಡ್‌ಸೆಟ್ಟೇ ಗತಿ.

ಮೈಕ್ ತಂದ ಮೇಲೆ ಮೊದಲು ಮಾಡಬೇಕಾದ್ದು, ಸಾಫ್ಟ್‌ವೇರ್ ನಿಜವಾಗಲೂ ಆ ಮೈಕನ್ನೇ ಕೇಳ್ತಿದ್ಯಾ ಅಂತ ನೋಡೋದು. ಹೊಸ ಮೈಕ್ ಚುಚ್ಚಿದ್ರೂ ಕಂಪ್ಯೂಟರ್ ಹಳೇ ಒಳಗಿನ ಮೈಕಲ್ಲೇ ಇರೋದು ತೀರಾ ಸಾಮಾನ್ಯ, ವಾರಗಟ್ಟಲೆ ಹಾಗೇ ಮಾತಾಡಿ ಹೊಸ ಮೈಕನ್ನ ಬೈದಿರೋರಿದಾರೆ. ರೆಕಾರ್ಡ್ ಆನ್ ಮಾಡಿ ಮೈಕಿನ ಮೇಲೆ ಉಗುರಲ್ಲಿ ಮೆಲ್ಲಗೆ ಕೆರೀರಿ, ಲೆವೆಲ್ ಗೆರೆ ಕುಣಿದ್ರೆ ಸರಿ, ಲ್ಯಾಪ್‌ಟಾಪ್ ಅಂಚು ಕೆರೆದಾಗ ಕುಣಿದ್ರೆ ಸೆಟ್ಟಿಂಗ್ ಬದಲಾಯಿಸಬೇಕು. ಆಮೇಲೆ ಲೆವೆಲ್, ನೀವು ಮಾಮೂಲಿ ಮಾತಾಡೋವಾಗ ಜೋರಾದ ಕಡೆ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ಬರೋ ಹಾಗೆ ಇಡಿ. ಈ ಅಳತೇಲಿ ಸೊನ್ನೆನೇ ಮೇಲಿನ ಮಿತಿ, ಅದನ್ನ ಮುಟ್ಟಿದ್ರೆ ದನಿ ಒಡೆಯುತ್ತೆ, ಒಡೆದ ದನಿನ ಯಾವ ಸಾಫ್ಟ್‌ವೇರೂ ಹೊಲಿಯೋಕಾಗಲ್ಲ, ಸ್ವಲ್ಪ ಕಮ್ಮಿ ಇದ್ರೆ ತೊಂದರೆ ಇಲ್ಲ. ನಾಯ್ಸ್ ಸಪ್ರೆಶನ್ ಅನ್ನೋ ಸೆಟ್ಟಿಂಗು ಹೆಡ್‌ಸೆಟ್ಟಿನ ಸಾಫ್ಟ್‌ವೇರಲ್ಲಿ ಒಂದು, ಕಂಪ್ಯೂಟರಲ್ಲಿ ಒಂದು, ಹೀಗೆ ಎರಡು ಮೂರು ಕಡೆ ಆನ್ ಆಗಿರುತ್ತೆ, ಸೋಸಿದ್ದನ್ನೇ ತಿರುಗಿ ಸೋಸಿದ್ರೆ ಮಾತು ಚಪ್ಪೆ ಆಗುತ್ತೆ, ಎಲ್ಲಾ ಆಫ್ ಮಾಡಿ ಒಂದು ಸಲ, ಒಂದೇ ಒಂದು ಆನ್ ಮಾಡಿ ಒಂದು ಸಲ ಪರೀಕ್ಷೆ ಮಾಡಿ. ಮೈಕ್ ಹತ್ರ ಇದ್ರೆ ಆಫ್ ಇದ್ದಾಗಲೇ ಚೆನ್ನಾಗಿರೋದು ನನ್ನ ಅನುಭವ. ಹೇಳೋದು ನಿಲ್ಲಿಸಿದಾಗ ಮೈಕನ್ನೂ ನಿಲ್ಲಿಸಿ, ವಿಸ್ಪರ್ ಥರದವು ಬರೀ ಸುಯ್ ಸದ್ದು ಕೇಳಿಸಿದ್ರೆ ಅದರೊಳಗಿಂದಲೂ ಯಾರೂ ಹೇಳದ ವಾಕ್ಯ ಹುಟ್ಟಿಸ್ತಾವೆ, ಅದು ನಿಮ್ಮ ಬರಹದ ಮಧ್ಯ ಕೂತ್ರೆ ಹುಡುಕೋದು ಕಷ್ಟ.

ಎರಡು ಮೈಕಲ್ಲಿ ಯಾವುದು ವಾಸಿ ಅಂತ ಕಿವಿಲಿ ಕೇಳಿ ತೀರ್ಮಾನ ಮಾಡಬೇಡಿ, ಎಣಿಸಿ. ನೀವು ದಿನಾ ಬರೆಯೋ ಥರದ್ದೇ 200 ಪದದ ಒಂದು ತುಣುಕು ಇಟ್ಕೊಳ್ಳಿ, ಅದರಲ್ಲಿ ನೀವು ಬಳಸೋ ಹೆಸರುಗಳು, ಅಂಕಿಗಳು, ಮಧ್ಯೆ ಬರೋ ಇಂಗ್ಲಿಷ್ ಪದಗಳು ಎಲ್ಲಾ ಇರಲಿ, "ಕಳಿಸಿ ಕಲಿಸಿ", "ಹಳ್ಳಿ ಹಲ್ಲಿ", "ಸಾಲ ಶಾಲೆ" ಅಂಥ ಜೋಡಿಗಳೂ ಇರಲಿ. ಒಂದೇ ದಿನ, ಒಂದೇ ರೂಮಲ್ಲಿ, ಅದೇ ಫ್ಯಾನ್ ಓಡ್ತಿರೋವಾಗ ಎರಡೂ ಮೈಕಲ್ಲಿ ಓದಿ. ತಪ್ಪಾಗಿ ಬಿದ್ದ ಪದ, ಬಿಟ್ಟುಹೋದ ಪದ, ತಾನಾಗಿ ಸೇರಿಸಿದ ಪದ, ಮೂರನ್ನೂ ಕೂಡಿಸಿ 200ರಿಂದ ಭಾಗಿಸಿ. 14 ತಪ್ಪು ಬಂದ್ರೆ ಶೇಕಡಾ 7, ಆರು ಬಂದ್ರೆ ಶೇಕಡಾ 3. ನೋಡೋಕೆ ನಾಲ್ಕೇ ಅಂಕಿ ವ್ಯತ್ಯಾಸ, ಆದ್ರೆ ಒಂದು ದಿನಕ್ಕೆ ಎರಡು ಸಾವಿರ ಪದ ಹೇಳೋರಿಗೆ 140 ತಿದ್ದುಪಡಿ ಇದ್ದದ್ದು 60ಕ್ಕೆ ಇಳಿಯುತ್ತೆ, ನೋಯೋ ಕೈಗೆ ಇದು ಸಣ್ಣ ಮಾತಲ್ಲ. ಒಂದೇ ಸಲಕ್ಕೆ ನಂಬಬೇಡಿ, ಬೆಳಿಗ್ಗೆ ಒಂದು ಸಲ, ಗಂಟಲು ದಣಿದ ಮೇಲೆ ಸಂಜೆ ಒಂದು ಸಲ ಓದಿ.

ಕೊಳ್ಳೋಕೆ ಮುಂಚೆ ಒಂದು ವಿಷಯ ಯೋಚಿಸಿ, ದಿನಕ್ಕೆ ಎಷ್ಟು ಹೊತ್ತು ಹಾಕ್ಕೊತೀರಾ? ಅರ್ಧ ಗಂಟೆ ಆದ್ರೆ ಯಾವ ಹೆಡ್‌ಸೆಟ್ಟೂ ಆಗುತ್ತೆ. ಮೂರು ಗಂಟೆ ಆದ್ರೆ ತೂಕ, ಕಿವಿ ಮೇಲಿನ ಒತ್ತಡ, ಸೆಕೆ ಇವೆಲ್ಲ ಮೈಕಿನ ಗುಣದಷ್ಟೇ ಮುಖ್ಯ, ಕಿವಿ ನೋಯೋ ಹೆಡ್‌ಸೆಟ್ ಎಷ್ಟು ಚೆನ್ನಾಗಿ ಕೇಳಿಸ್ಕೊಂಡ್ರೂ ನೀವು ಅದನ್ನ ತೆಗೆದಿಡ್ತೀರಾ. ಕನ್ನಡಕ ಹಾಕೋರು ಕನ್ನಡಕದ ಕಡ್ಡಿ ಮೇಲೆ ಗಟ್ಟಿಯಾಗಿ ಒತ್ತದೇ ಇರೋದು ನೋಡ್ಕೊಳ್ಳಿ. ನಾನು ಈಗ ಬಳಸೋದು ಒಂದೇ ಕಿವಿಯ ಯುಎಸ್‌ಬಿ ಹೆಡ್‌ಸೆಟ್, ಇನ್ನೊಂದು ಕಿವಿ ಖಾಲಿ ಇರೋದ್ರಿಂದ ನನ್ನ ದನಿ ನನಗೇ ಸರಿಯಾಗಿ ಕೇಳುತ್ತೆ, ಎರಡೂ ಕಿವಿ ಮುಚ್ಚಿದ್ರೆ ಗೊತ್ತಿಲ್ಲದೆ ಜೋರಾಗಿ ಮಾತಾಡಿ ಸಂಜೆಗೆ ಗಂಟಲು ಕಟ್ತಿತ್ತು. ಕಡ್ಡಿ ಎಲ್ಲಿಗೆ ಬರಬೇಕು ಅನ್ನೋದಕ್ಕೆ ಅದರ ಬುಡದಲ್ಲಿ ಬಿಳಿ ಪೆನ್ನಲ್ಲಿ ಒಂದು ಗೆರೆ ಹಾಕಿಟ್ಟಿದೀನಿ, ಬೆಳಿಗ್ಗೆ ಹಾಕ್ಕೊಂಡ ತಕ್ಷಣ ಗೆರೆಗೆ ಗೆರೆ ಕೂಡಿಸ್ತೀನಿ. ಸ್ಪಂಜಿನ ಟೋಪಿ ಎಂಜಲು ಉಸಿರಿಗೆ ಗಟ್ಟಿಯಾಗ್ತಾ ಬರುತ್ತೆ, ತಿಂಗಳಿಗೊಂದು ಸಲ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ ಹಾಕಿ, ಪುಡಿ ಉದುರೋಕೆ ಶುರುವಾದ್ರೆ ಹೊಸದು ಹಾಕಿ, ಆ ಪುಡಿ ಮೈಕಿನ ತೂತಿಗೆ ಇಳಿದ್ರೆ ದನಿ ಮೆಲ್ಲಮೆಲ್ಲಗೆ ಮಂಕಾಗುತ್ತೆ, ತಪ್ಪುಗಳು ಯಾಕೆ ಜಾಸ್ತಿಯಾದ್ವು ಅಂತ ನಿಮಗೆ ಹೊಳೆಯೋದೇ ಇಲ್ಲ.